ಕಿರೀಟದ ಕೆಳಗೆ ಮೂರು ಚುಕ್ಕಿ

ನಾನು ಯಾರ ದನಿಯನ್ನು ಬೇಕಾದರೂ ತೆಗೆಯಬಲ್ಲೆ. ನಮ್ಮ ಮುಖ್ಯಗುರುಗಳು ಪ್ರಾರ್ಥನೆಗೆ ಮುಂಚೆ ಮೈಕನ್ನು ಊದುವುದು, ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ‘ಗಿಲ್ಲೆಸುಗೂರು, ಗಿಲ್ಲೆಸುಗೂರು’ ಎಂದು ಮೂಗಿನಲ್ಲಿ ಕೂಗುವ ಕಂಡಕ್ಟರು, ಕರೆಂಟು ಹೋಗುವಾಗ ಫ್ಯಾನು ನರಳುವ ಬಗೆ, ಎಲ್ಲ ಬರುತ್ತದೆ. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಒಂಚೂರು ತಡಕಾಡಬೇಕು. ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕ ನಾನು. ಅತಿಥಿ ಎಂದರೆ ಮಣೆ ಹಾಕಿ ಕೂರಿಸುತ್ತಾರೆ ಎಂದುಕೊಳ್ಳಬೇಡಿ, ಸ್ಟಾಫ್ ರೂಮಿನಲ್ಲಿ ನನಗಿರುವುದು ಮೂರು ಕಾಲಿನ ಕುರ್ಚಿ.

ಈ ವಿದ್ಯೆ ಬಂದದ್ದು ದೇವದುರ್ಗದಲ್ಲಿರುವ ನನ್ನ ತಾಯಿಯ ತಂದೆಯಿಂದ. ಅಜ್ಜ ಹರೆಯದಲ್ಲಿ ಒಬ್ಬ ವಿಲಾಯತಿ ಸಾಹೇಬನ ಜೊತೆ ಬೇಟೆಗೆ ಹೋಗಿದ್ದನಂತೆ. ಕೃಷ್ಣೆಯ ದಂಡೆಯಲ್ಲಿ ಕಾಡುಹಂದಿ ನುಗ್ಗಿತಂತೆ, ಸಾಹೇಬನ ಬಂದೂಕು ಕೈಕೊಟ್ಟಿತಂತೆ, ಅಜ್ಜ ಮಾತ್ರ ಕದಲದೆ ನಿಂತನಂತೆ. ಆಮೇಲೆ ಸಾಹೇಬ ತನ್ನ ಸೊಂಟದ ಬೇಟೆಚಾಕು ಬಿಚ್ಚಿ ಅಜ್ಜನ ಕೈಗಿಟ್ಟು, ಎರಡು ಸಲ ಗಿಡ್ಡಗೆ ಕೆಮ್ಮಿ, “ಹಿಡಿ. ಹಿಡಿದ ಮ್ಯಾಲ ಕೈ ಬಿಡಬ್ಯಾಡ” ಅಂದನಂತೆ. ಆ ಕೆಮ್ಮು, ಮಾತಿನ ತುದಿಯನ್ನು ನುಂಗುವ ಆ ರೀತಿ, ಅಜ್ಜನ ಬಾಯಲ್ಲಿ ಕೇಳಬೇಕು. ಕೇಳಿ ಕೇಳಿ ನಾನೂ ಕಲಿತೆ. ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ:

“ಯಜ್ಜಾ, ಇಂಗ್ಲೀಷ್ ಸಾಹೇಬ ನಮ್ಮಂಗ ಯಾಕ ಮಾತಾಡ್ತಾನ?”

“ಕಲ್ತಿದ್ದ ಲೇ. ನಿನ್ನಂಗಲ್ಲ, ಹೇಳಿಕೊಟ್ಟಿದ್ದು ಅವಂಗ ಹತ್ತತಿತ್ತು.”

ಅಲ್ಲಿಗೆ ನನ್ನ ಸಂಶೋಧನೆ ಮುಗಿದಿತ್ತು.

ಆ ಚಾಕು ವರ್ಷವೆಲ್ಲ ದೇವರ ಜಗಲಿಯ ಮೇಲೆ ಇರುತ್ತದೆ. ದಸರೆಯ ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಈಳಿಗೆಗಳ ನಡುವೆ ದೊರೆಯ ಹಾಗೆ ಕೂರುತ್ತದೆ. ಉಳಿದವಕ್ಕೆ ಒಂದೊಂದು ಬೊಟ್ಟು ಕುಂಕುಮ. ಇದಕ್ಕೆ ಮಾತ್ರ ಹಿಡಿಯ ಮಗ್ಗುಲಿಗೆ, ಹರಿತವಿಲ್ಲದ ಚಪ್ಪಟೆ ಜಾಗದಲ್ಲಿ, ಅಜ್ಜ ತನ್ನ ಕೈಯಿಂದಲೇ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಗೋಡೆಗೆ ಗಿಲಾವು ಮಾಡಿದಂತೆ ಮೆತ್ತುತ್ತಾನೆ. ಅಲಗಿಗೆ ನಿಂಬೆಹಣ್ಣು ಸಿಗಿಸುತ್ತಾನೆ. ಮರುದಿನ ಹಣ್ಣು ತೆಗೆದರೆ ಅಲಗು ಕಪ್ಪಾಗಿರುತ್ತದೆ. “ನೋಡ್ರಿ, ಓಣಿ ದೃಷ್ಟಿ ಎಲ್ಲಾ ಎಳಕೊಂಡದ” ಎನ್ನುತ್ತಾನೆ. ನಾವು ಕೈಮುಗಿಯುತ್ತೇವೆ.

ಈ ಸಂಸಾರದೊಳಗೆ ಅಕ್ಕನ ಗಂಡ ಬಂದ. ನಾನು ಅವನನ್ನು ಮಾಮಾ ಎನ್ನುತ್ತೇನೆ. ಶಕ್ತಿನಗರದಲ್ಲಿ ನೌಕರಿ, ಹುಚ್ಚು ಮಾತ್ರ ಚಾಕುಗಳದು. ಹಳೆಯ ಬೇಟೆಚಾಕುಗಳನ್ನು ಕೂಡಿಡುತ್ತಾನೆ, ಹತ್ತಿ ಸುತ್ತಿ, ಎಣ್ಣೆ ಒರೆಸಿ, ಕೂಸಿನ ಹಾಗೆ. ಅಕ್ಕನಿಗೆ ಈರುಳ್ಳಿ ಹೆಚ್ಚಲು ಮಾತ್ರ ಹಲ್ಲು ಬಿದ್ದ ಒಂದೇ ಚಾಕು.

ಹೋದ ದಸರೆಯಲ್ಲಿ, ಪೂಜೆಗೆ ಎರಡು ದಿನ ಮುಂಚೆಯೇ ಬಂದಿದ್ದ ಮಾಮಾ ಜಗಲಿಯತ್ತ ಕಣ್ಣು ಕಿರಿದು ಮಾಡಿ ನೋಡಿ, “ಯಜ್ಜಾ, ತಪ್ಪು ತಿಳೀಬ್ಯಾಡ್ರಿ. ಇದು ವಿಲಾಯತಿ ಅನಸಂಗಿಲ್ಲ” ಎಂದ.

ಅಜ್ಜನ ಕೈಯಲ್ಲಿದ್ದ ಚಹದ ಬಸಿ ನಿಂತಲ್ಲೇ ನಿಂತಿತು. “ಏನಂದ್ರಿ ಅಳಿಯಂದ್ರ?”

“ಮಾಡಿದವರ ಗುರುತು ನೋಡಬೇಕ್ರಿ, ಉಕ್ಕು ನೋಡಬೇಕ್ರಿ. ಸುಮ್ನ ಬಾಯಿಮಾತಿಲೆ ಆಗಂಗಿಲ್ಲ.”

“ನೋಡ್ರಿ! ಏನ್ ನೋಡ್ತೀರಿ ನೋಡ್ರಿ! ಇದು ವಿಲಾಯತಿ ಅಲ್ಲ ಅಂತ ಆದ್ರ, ಇವತ್ತಿನಿಂದ ಆ ಕಥಿ ನನ್ನ ಬಾಯಾಗ ಬರಂಗಿಲ್ಲ. ಪೂಜಿ ದಿನ ಎಲ್ಲಾರ ಮುಂದ ಹೇಳ್ರಿ.”

ಅಜ್ಜನಿಗೆ ಹೊಲವಿಲ್ಲ, ಪಟ್ಟವಿಲ್ಲ, ಓಣಿಯಲ್ಲಿ ಅವನಿಗೆ ಇರುವ ದೊಡ್ಡಸ್ತಿಕೆಯೆಲ್ಲ ಆ ಒಂದು ಕಥೆ. ಸಂಜೆ ಕಟ್ಟೆಗೆ ಬಂದರೆ ಅದಕ್ಕಾಗಿಯೇ ಜಾಗ ಬಿಡುತ್ತಾರೆ. ಜೊತೆಗೆ, ನಾಮಕರಣಗಳಲ್ಲಿ ನಾನು ಮಾಡುವ ಕಾರ್ಯಕ್ರಮದ ಅರ್ಧ ಆ ಸಾಹೇಬನದೇ. ಹಾಗಾಗಿ ಪರೀಕ್ಷೆಯ ಅಧಿಕಾರಿಯಾಗಿ ನನ್ನನ್ನು ನಾನೇ ನೇಮಿಸಿಕೊಂಡೆ.

ಮೊದಲು ಶಾಲೆಯ ಪ್ರಯೋಗಾಲಯದಿಂದ ತಂದಿದ್ದ ಕುದುರೆಲಾಳದ ಅಯಸ್ಕಾಂತ. ಅದು ನನ್ನ ಚೀಲದಲ್ಲಿ ಯಾಕಿತ್ತು ಎಂದು ಮುಖ್ಯಗುರುಗಳು ಕೇಳಬಾರದು.

“ಅಂಟಿದ್ರ ಹಳೇ ಕಾರ್ಬನ್ ಉಕ್ಕು, ಅಂಟಲಿಲ್ಲಂದ್ರ ಸ್ಟೇನ್‌ಲೆಸ್” ಎಂದ ಮಾಮಾ, ಪಂಡಿತನ ಗತ್ತಿನಲ್ಲಿ.

ಟಪ್ಪನೆ ಅಂಟಿತು. ಅಜ್ಜ ಮೀಸೆ ಮೇಲೆ ಕೈ ಹಾಕಿದ. ನಾನು ಸುಮ್ಮನಿರಬೇಕಲ್ಲ? ಮಾಮಾನ ಸೊಂಟದ ಚೀಲದಲ್ಲಿದ್ದ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಚಾಕುವಿಗೂ ಹಿಡಿದೆ. ಅದೂ ಟಪ್ಪನೆ ಅಂಟಿತು.

“ಮಾಮಾ, ಊಟದ ತಾಟು ಬ್ಯಾರೆ, ಅಲಗು ಬ್ಯಾರೆ. ಹರಿತ ನಿಲ್ಲೋ ಸ್ಟೇನ್‌ಲೆಸ್ಸಿಗೂ ಅಯಸ್ಕಾಂತ ಹತ್ತತದ. ಒಂಬತ್ತನೇ ಕ್ಲಾಸಿಗೆ ಬರ್ರಿ, ಹಿಂದಿನ ಬೆಂಚಿನ್ಯಾಗ ಜಾಗ ಅದ.”

ಆಮೇಲೆ ನಿಂಬೆಹಣ್ಣು. ಒಂದು ಹೋಳು ಅಜ್ಜನ ಚಾಕುವಿನ ಮೇಲೆ, ಇನ್ನೊಂದು ಮಾಮಾನ ಚಾಕುವಿನ ಮೇಲೆ. ಚಹ ಕುಡಿದು ಬರುವಷ್ಟರಲ್ಲಿ, ಪೂಜೆಗೆಂದು ತಿಕ್ಕಿ ಬೆಳಗಿದ್ದ ಅಜ್ಜನ ಅಲಗು ಮೋಡ ಕವಿದಂತೆ ಕಪ್ಪಾಗಿತ್ತು, ಮಾಮಾನದು ಹಾಗೇ ಹೊಳೆಯುತ್ತಿತ್ತು. ಅಂದರೆ ಅಜ್ಜನದು ಕಾರ್ಬನ್ ಉಕ್ಕು, ಹುಳಿ ತಾಗಿದರೆ ಕಪ್ಪಾಗುತ್ತದೆ. ಇಷ್ಟು ವರ್ಷ ನಮ್ಮ ಓಣಿಯ ದೃಷ್ಟಿ ಎಳೆದದ್ದು ಇದೇ ಗುಣ. ನಾನು ಇದನ್ನು ವಿವರಿಸಿದೆ.

ಅಜ್ಜ ಮಾಮಾನ ಚಾಕುವನ್ನು ಕನಿಕರದಿಂದ ನೋಡಿ, “ಪಾಪ, ಅದಕ್ಕ ದೃಷ್ಟಿ ಎಳಿಯೋ ತಾಕತ್ತಿಲ್ಲ” ಎಂದ.

ಇನ್ನು ಗುರುತು. ಅದು ಇರಬೇಕಾದ ಜಾಗದಲ್ಲೇ ಕುಂಕುಮದ ಗಿಲಾವು. ನಾನು ಬ್ಲೇಡು ಹುಡುಕುತ್ತಿದ್ದರೆ ಮಾಮಾ ಕೈ ಹಿಡಿದ. “ಕೆರದಿ ಅಂದ್ರ ಗುರುತೂ ಕೆರದು ಹೋಗ್ತದ ಲೇ. ಎಣ್ಣಿ ಹಚ್ಚು, ನೆನಸು, ಕಟಗಿಲೆ ತಗಿ.” ಕುಸುಬಿ ಎಣ್ಣೆ ಹಚ್ಚಿ, ಜೋಳದ ದಂಟಿನ ಸಿಬಿರಿನಿಂದ ಒಂದೊಂದೇ ದಸರೆಯನ್ನು ಎಬ್ಬಿಸಿದೆ. ಅಜ್ಜ ಆ ಹೊತ್ತಿನಲ್ಲಿ ಹೊರಗೆ ಹೋಗಿ ಬೇವಿನಮರವನ್ನು ನೋಡುತ್ತ ನಿಂತಿದ್ದ. ಕೊನೆಗೆ ಕಂಡದ್ದು, ಮೂರು ಮೊನೆಯ ಒಂದು ಕಿರೀಟ, ಅದರ ಕೆಳಗೆ ಸಾಲಾಗಿ ಮೂರು ಚುಕ್ಕಿ.

“ಕಿರೀಟ! ಯಜ್ಜಾ, ರಾಣಿ ಕಿರೀಟ!” ಎಂದು ಕೂಗಿದೆ.

ಅಜ್ಜನಿಗೆ ನನ್ನಷ್ಟು ಖುಷಿಯಾಗಲಿಲ್ಲ. “ಹ್ಞೂಂ, ಮತ್ತೇನ್” ಎಂದ.

ಮಾಮಾ ಭೂತಗನ್ನಡಿ ಹಿಡಿದು ಕುಕ್ಕರಗಾಲಲ್ಲಿ ಕೂತ. ಯಂತ್ರ ಒತ್ತಿದ ಅಚ್ಚಾದರೆ ಗೆರೆಯೆಲ್ಲ ಒಂದೇ ಆಳ ಇರುತ್ತದೆ, ಇಲ್ಲಿ ಒಂದು ಗೆರೆ ಆಳ, ಒಂದು ತೇಲಿದೆ, ಉಳಿ ಹಿಡಿದು ಸುತ್ತಿಗೆಯಿಂದ ಬಡಿದದ್ದು ಎಂದ. ಆದರೆ ಮನುಷ್ಯ ನ್ಯಾಯವಂತ. “ಚುಕ್ಕಿ ಹಾಕಿ ಯಾವ ಕಾಲದ್ದು ಅಂತ ತಿಳಿಸೋ ಕಂಪನಿ ಹೊರದೇಶದಾಗೂ ಅವ. ಯಾವುದಾದ್ರೂ ಸಾಣಿಕಲ್ಲಿಗೆ ಹಚ್ಚಿಸಿ ಕಿಡಿ ನೋಡು. ಗುರುತು ಮಾತ್ರ ಬಟ್ಟಿಲೆ ಮುಚ್ಚಿಕೊಂಡು ಹೋಗು. ಗುರುತು ಕಂಡ್ರ ಮಂದಿ ಅದನ್ನ ನೋಡೇ ಉಕ್ಕಿನ ಹೆಸರು ಹೇಳಿಬಿಡ್ತಾರ.”

ದೇವದುರ್ಗದಲ್ಲಿ ತೋರಿಸಿದರೆ ನಾನು ಮನೆ ಮುಟ್ಟುವ ಮುಂಚೆ ಸುದ್ದಿ ಕಟ್ಟೆ ಮುಟ್ಟುತ್ತದೆ. ನಮ್ಮ ಗುರುತಿನವರಿಲ್ಲದ ಮಾನ್ವಿಯೇ ಸರಿ ಎಂದೆ.

“ಮಾನ್ವಿ ಬ್ಯಾಡ” ಎಂದ ಅಜ್ಜ, ಥಟ್ಟನೆ.

“ಯಾಕ ಯಜ್ಜಾ?”

“ರಸ್ತೆ ಸರಿ ಇಲ್ಲ.”

“ಲಿಂಗಸುಗೂರು?”

“ಅಲ್ಲಿ ಹೋಗು. ರಾಯಚೂರಿಗೆ ಹೋಗು. ಹೈದರಾಬಾದಿಗೆ ಹೋಗು ಬೇಕಾದ್ರ.”

ಹೋಗಬೇಡ ಎಂದ ಕಡೆಗೆ ಹೋಗದಿದ್ದರೆ ನಾನು ನಾನೇ ಅಲ್ಲ. ಮರುದಿನ ಬೆಳಿಗ್ಗೆ ಚಾಕುವನ್ನು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿ, ಬುತ್ತಿಚೀಲಕ್ಕೆ ಹಾಕಿ, ಸಿರವಾರದಲ್ಲಿ ಬಸ್ ಬದಲಿಸಿ ಹೊರಟೆ. ದಾರಿಯುದ್ದಕ್ಕೂ ಯಾರ ದನಿಯನ್ನೂ ತೆಗೆಯಲಿಲ್ಲ. ಪಕ್ಕದ ಹೆಂಗಸು, “ಏನ್ ತಮ್ಮಾ, ರೊಟ್ಟಿ ಚೀಲಾನ ಇಷ್ಟು ಅವಚಿಕೊಂಡು ಕುಂತಿ, ಯಾರೂ ತಿನ್ನಂಗಿಲ್ಲ ಬಿಡು” ಎಂದರೂ ನಕ್ಕು ಸುಮ್ಮನಾದೆ.

ಮಾನ್ವಿಯಲ್ಲಿ ವಿಚಾರಿಸಿ ಮುಟ್ಟಿದ್ದು ಒಂದು ಕಮ್ಮಾರನ ಅಂಗಡಿ. ಮುಂದೆ ವೆಲ್ಡಿಂಗು, ಹಿಂದೆ ಇನ್ನೂ ಉರಿಯುವ ಕುಲುಮೆ. ಕನ್ನಡಕಕ್ಕೆ ದಾರ ಕಟ್ಟಿಕೊಂಡ, ಅರವತ್ತು ದಾಟಿದ ಕಮ್ಮಾರ, ಗುರುತಿನ ಮೇಲೆ ಬಟ್ಟೆ ಸುತ್ತಿದ್ದ ಚಾಕು ಇಸಿದುಕೊಂಡ. ಅಲಗನ್ನು ಉಗುರಿನಿಂದ ಮೀಟಿ ಕಿವಿಗೆ ಹಿಡಿದ. ಟಿಂಯ್ ಎಂದಿತು. ನಾನೂ ಟಿಂಯ್ ಎಂದೆ, ತಡೆಯಲಾಗಲಿಲ್ಲ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ತಿರುಗುವ ಕಲ್ಲಿಗೆ ಅಲಗಿನ ಬೆನ್ನನ್ನು ಇರುವೆ ಕಚ್ಚಿದಷ್ಟು ತಾಗಿಸಿದ. ಕಿಡಿಗಳು ಹಾರಿ ತುದಿಯಲ್ಲಿ ಟಿಸಿಲೊಡೆದವು.

“ಮೆತ್ತನ್ ಕಬ್ಬಿಣ ಆದ್ರ ಕಿಡಿ ಉದ್ದಕ ಹೋಗಿ ಆರ್ತದ. ಇದು ಹೂ ಬಿಡಾಕತ್ತದ ನೋಡು.” ಗುಜರಿಯಿಂದ ಒಂದು ದಪ್ಪ ಪಟ್ಟಿ ಎಳೆದು ಅದನ್ನೂ ತಾಗಿಸಿದ. ಅದೇ ಹೂ, ಅದೇ ಟಿಸಿಲು. “ಲಾರಿ ಕಮಾನ್ ಪಟ್ಟಿ. ಛಲೋ ಉಕ್ಕು. ಆದ್ರ ವಿಲಾಯತಿ ಗಿಲಾಯತಿ ಏನಿಲ್ಲ ತಮ್ಮಾ.”

ನನಗೆ ಸಿಟ್ಟು ಬಂತು. “ಕಾಕಾ, ನಿಮಗ ಗೊತ್ತಿಲ್ಲ. ಇದನ್ನ ಸಾಹೇಬ ಕೈಯಾರೆ ಕೊಟ್ಟಾನ” ಎಂದು ಅಲ್ಲೇ ನಿಂತು ಇಡೀ ಕಥೆ ಮಾಡಿ ತೋರಿಸಿದೆ. ಹಂದಿ ಮಾಡಿದೆ, ಬಂದೂಕು ಮಾಡಿದೆ, ಎರಡು ಸಲ ಗಿಡ್ಡಗೆ ಕೆಮ್ಮಿದೆ. “ಹಿಡಿ. ಹಿಡಿದ ಮ್ಯಾಲ ಕೈ ಬಿಡಬ್ಯಾಡ.”

ಕಮ್ಮಾರ ಕಲ್ಲಿನ ಸ್ವಿಚ್ ಆರಿಸಿದ. ಕಲ್ಲು ತಿರುಗಿ ತಿರುಗಿ ನಿಂತಿತು.

“ಇನ್ನೊಮ್ಮೆ ಅನ್ನು.”

ಅಂದೆ.

“ಇದು ನಮ್ಮಪ್ಪನ ಮಾತು ಲೇ! ಕೊಡ್ಲಿಗೆ ಹಿಡಿಕಿ ಹಾಕಿ ಕೊಡುವಾಗೆಲ್ಲಾ ಹಿಂಗ ಅಂತಿದ್ದ.” ಅವಸರದಿಂದ ಬಟ್ಟೆ ಬಿಚ್ಚಿ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ. “ಕಿರೀಟ ಅಲ್ಲ ತಮ್ಮಾ. ಬಾಯಿ ತೆರೆದ ಇಕ್ಕಳ, ನಡುವ ಕಾದ ಕಬ್ಬಿಣ. ಕೆಳಗ ಮೂರು ಚುಕ್ಕಿ ಅಂದ್ರ ಮೂರು ಮಕ್ಕಳು. ಹುಟ್ಟಿದಂಗ ಹುಟ್ಟಿದಂಗ ಒಂದೊಂದು ಕೂಡಿಸ್ತಿದ್ದ. ಕಡೀಕಡೀಗೆ ಐದು ಚುಕ್ಕಿ ಹಾಕ್ತಿದ್ದ. ಇದರಾಗಿನ ಮೂರನೇ ಚುಕ್ಕಿ ನಾನ.”

ಅಂದರೆ ಚಾಕುವಿನ ವಯಸ್ಸು ಹೆಚ್ಚುಕಡಿಮೆ ಅವನ ವಯಸ್ಸೇ. ಹೊರದೇಶದ ಕಂಪನಿಗಳ ಚುಕ್ಕಿಗಿಂತ ಖಚಿತ. ನಾನು ಕುಲುಮೆಯ ಪಕ್ಕ ಧೊಪ್ಪನೆ ಕೂತೆ.

“ಅಪ್ಪಂದು ಫೋಟೋ ಒಂದು ಅದ. ದನಿ ಎಲ್ಲದ?” ಎಂದ ಕಮ್ಮಾರ. ಮೂರನೇ ಸಲ ಮಾಡಿಸಿ ಕೇಳಿ, ತಲೆಯಾಡಿಸಿದ. “ನೀ ಮಾಡಿದ್ದು ಬರೋಬ್ಬರಿ ಇಲ್ಲ. ಏನೋ ಕಮ್ಮಿ ಅದ. ನಿಮ್ಮಜ್ಜಗ ಸರಿ ಬರ್ತದೇನು? ನಾಳಿ ಕುಲುಮಿ ಪೂಜಿ ಮುಗಿಸಿ ಬರ್ತೀನಿ.”

ವಾಪಸ್ ಬಸ್ಸಿನಲ್ಲಿ ಲೆಕ್ಕವಿಲ್ಲದಷ್ಟು ಸುಳ್ಳುಗಳನ್ನು ತಯಾರು ಮಾಡಿದೆ. ತಜ್ಞರ ದನಿಯಲ್ಲಿ ಒಂದು, ಪ್ರೊಫೆಸರರ ದನಿಯಲ್ಲಿ ಒಂದು. ಎಲ್ಲವೂ ಬಾಯಿಗೆ ಬಂದವು. ಆದರೆ ಮರುದಿನ ಪೂಜೆ ಮುಗಿದು, ಓಣಿಯವರೆಲ್ಲ ಪಡಸಾಲೆಯಲ್ಲಿ ಕೂತು, ಕಮ್ಮಾರನೂ ಬಂದು ಗೋಡೆಗೆ ಒರಗಿ, ಮಾಮಾ “ಏನಾತು ಹೇಳಪಾ” ಎಂದಾಗ, ಅದೇ ನನ್ನ ತಡಕಾಡುವ ದನಿ ಹೊರಬಂತು.

“ವಿಲಾಯತಿ ಅಲ್ಲ. ಮಾನ್ವೀದು. ಲಾರಿ ಕಮಾನ್ ಪಟ್ಟಿದು.”

ಅಜ್ಜ ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿ ಮತ್ತೆ ಹಾಕಿಕೊಂಡ. “ಆತು. ಮಾತು ಅಂದ್ರ ಮಾತು.”

ಗೆದ್ದ ಮಾಮಾನ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವನ ಹಾಗಿತ್ತು. “ಯಜ್ಜಾ, ಹಂಗಲ್ರಿ” ಎಂದು ಒದ್ದಾಡಿದ. “ಆ ಕಾಲದಾಗ ಲಾರಿ ಎಲ್ಲಿಂದ ಬರ್ತಿದ್ವು? ಮಿಲಿಟರಿ ಹಳೇ ಲಾರಿ ಇರಬೇಕು. ಅಂದ್ರ ಉಕ್ಕು ವಿಲಾಯತೀನ ಆತಲ್ಲ!”

“ದಾನ ಬ್ಯಾಡ ಅಳಿಯಂದ್ರ” ಎಂದ ಅಜ್ಜ. ಆಮೇಲೆ ಗೋಡೆಗೆ ಒರಗಿದವನ ಕಡೆ ತಿರುಗಿ ಬಹಳ ಹೊತ್ತು ನೋಡಿದ. ನಾನು ಪರಿಚಯ ಮಾಡಿಸಿರಲೇ ಇಲ್ಲ.

“ಎಷ್ಟನೇ ಚುಕ್ಕಿ ನೀನು?”

“ಮೂರನೇದು ರೀ ಯಜ್ಜಾ.”

“ತೊಟ್ಟಿಲದಾಗಿದ್ದಿ. ನಿಮ್ಮವ್ವ ನಿನ್ನ ಅಂಗಡಿ ಬಾಗಿಲಿಗೆ ತಂದ್ರ ಹೊಗಿಗೆ ಅಳ್ತಿದ್ದಿ.” ಅಜ್ಜ ನೆಲ ನೋಡುತ್ತ ಹೇಳತೊಡಗಿದ. “ಮಾನ್ವಿಗೆ ಕಾಲುವಿ ಕೆಲಸಕ್ಕ ಹೋಗಿದ್ದೆ. ಗುದ್ದಲಿ ಹರಿತ ಮಾಡಸಾಕ ದಿನಾ ನಿಮ್ಮಪ್ಪನ ಹತ್ರ ಕೂಡ್ತಿದ್ದೆ. ಕ್ಯಾಲೆಂಡರಿನ್ಯಾಗ ಸಾಹೇಬನ ಚಿತ್ರ ಇತ್ತು, ಸೊಂಟದಾಗ ಚಾಕು. ಅಂಥಾದ್ದು ಬೇಕು ಅಂದೆ. ಏನ್ ಬ್ಯಾಟಿ ಆಡ್ತಿ ಅಂದ. ಓತಿಕ್ಯಾತ ಅಂದೆ. ಬಿದ್ದು ಬಿದ್ದು ನಕ್ಕ. ಆದ್ರೂ ಮಾಡಿಕೊಟ್ಟ.”

“ಮತ್ತ ಸಾಹೇಬ ಅಂತ ಯಾಕ ಹೇಳಿದಿ ಯಜ್ಜಾ?” ಎಂದೆ.

“ಕಾಲುವಿ ಕೂಲಿಯವಗ ಕಮ್ಮಾರ ಕೊಟ್ಟ ಅಂದ್ರ ಯಾರ್ ಕುಂತು ಕೇಳ್ತಿದ್ರಲೇ?”

ಉತ್ತರ ಬಂದದ್ದು ಗೋಡೆಯ ಕಡೆಯಿಂದ. “ನಾ ಕೇಳ್ತೀನ್ರಿ ಯಜ್ಜಾ. ಕೊಡುವಾಗ ಏನಂದ, ಅಂದು ತೋರಸ್ರಿ.”

ಅಜ್ಜ ಚಾಕುವನ್ನು ಎತ್ತಿಕೊಂಡ. ಗಿಡ್ಡಗೆ ಎರಡು ಸಲ ಕೆಮ್ಮಿದ. “ಹಿಡಿ. ಹಿಡಿದ ಮ್ಯಾಲ ಕೈ ಬಿಡಬ್ಯಾಡ.”

ಕಮ್ಮಾರ ತೊಡೆ ತಟ್ಟಿದ, ನಗುತ್ತ ಕನ್ನಡಕ ತೆಗೆದ. “ಬೀಡಿ! ಬೀಡಿ ಇತ್ತು ನೋಡ್ರಿ ಅಪ್ಪನ ಬಾಯಾಗ! ಈ ಹುಡುಗ ಬೀಡಿ ಬಿಟ್ಟು ಮಾತಾಡಿದ್ದ.” ಒಂದು ಹೆಜ್ಜೆ ಮುಂದೆ ಸರಿದು ಕೂತ. “ಇನ್ನೊಂದು ಸಲ ಕೆಮ್ರಿ ಯಜ್ಜಾ.”

ಆಗ ಅಜ್ಜನ ಬಾಯಿಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಮಾತಾಡುವಾಗ ಬಲಮೂಲೆ ಬಿಚ್ಚುತ್ತಿರಲಿಲ್ಲ. ಅರವತ್ತು ವರ್ಷಗಳಿಂದ ಅಲ್ಲಿ, ಇಲ್ಲದ ಬೀಡಿಯೊಂದನ್ನು ಅಜ್ಜ ಬೀಳದ ಹಾಗೆ ಕಚ್ಚಿ ಹಿಡಿದಿದ್ದ.