ಕಪ್ಪು ಪುಟ ಹಿಡಿದು ತಿಕೋಟಾದಿಂದ ಬಬಲೇಶ್ವರಕ್ಕೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವಿಜಯಪುರದಲ್ಲಿ ತಿಕೋಟಾ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಆಧಾರ್ ಕಾರ್ಡ್ ತೋರಿಸಿ ಕಿಟಕಿ ಪಕ್ಕ ಕೂತೆ. ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಲಗ್ನಪತ್ರಿಕೆಗಳಿಗೆ ಚಿತ್ರ ಬರೆದವಳು ನಾನು. ಈಗ ಬೆಂಗಳೂರಿನ ಒಂದು ಪ್ರಕಾಶನದವರು ಮಕ್ಕಳ ಕಥೆಯೊಂದನ್ನು ಕಳಿಸಿ, ನಾಲ್ಕು ಪುಟಕ್ಕೆ ಚಿತ್ರ ಬರೆದು ತೋರಿಸಿ, ಹಿಡಿಸಿದರೆ ಇಡೀ ಪುಸ್ತಕ ನಿಮಗೇ ಎಂದಿದ್ದರು. ದ್ರಾಕ್ಷಿ ತೋಟದಲ್ಲಿ ತಾಯಿಯಿಂದ ತಪ್ಪಿಹೋದ ಆಡಿನ ಮರಿಯ ಕಥೆ ಅದು. ಅಂದು ಸಂಜೆಯೊಳಗೆ ಕಳಿಸಬೇಕು. ನಾನು ಬರೆದ ಮರಿಯೋ, ಲಗ್ನಪತ್ರಿಕೆಯ ನವಿಲಿನಂತೆ ಸೆಟೆದು ನಿಂತಿತ್ತು.

ತಿಕೋಟಾದಲ್ಲಿ ಗೆಳತಿ ಸಾವಿತ್ರಿಯ ತೋಟಕ್ಕೆ ಹೋದೆ. ಶೆಡ್ಡಿನಲ್ಲಿ ಸಾಲುಸಾಲು ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಗಾಳಿಗೂ ಅದರ ಸಿಹಿ ಹತ್ತಿತ್ತು. ಅವಳು ತೋರಿಸಿದ ಮರಿ ಒಂದು ಗಳಿಗೆ ನಿಲ್ಲಲಿಲ್ಲ. ಪೆನ್ಸಿಲ್ ಹಿಡಿದು ನೋಡುತ್ತ ನಿಂತೆ.

“ಅದೇನ್ ನಿಲ್ಲತೈತಿ? ಅದರ ಬೆನ್ನ ಹತ್ತಿ ನೀನೂ ಅಡ್ಡಾಡು” ಎಂದು ಸಾವಿತ್ರಿ ನಕ್ಕಳು.

ಬಾಗಿ ಚಪ್ಪರದ ಕೆಳಗೆ ನುಸುಳಿದೆ. ಮರಿಯ ಎತ್ತರದಿಂದ ತೋಟ ಬೇರೆಯೇ ಆಗಿತ್ತು. ಸುತ್ತಲೂ ಕಾಂಡ, ಮೇಲೆ ಎಲೆ, ಎತ್ತ ಹೋದರೂ ಒಂದೇ ಥರ. ನನಗೇ ದಿಗಿಲಾಯಿತು. ಅಲ್ಲೇ ಕೂತು ಮೂರು ಪುಟ ಹೊಸದಾಗಿ ಬರೆದೆ. ಮರಿ ದಾರಿ ತಪ್ಪುವ ಮೂರನೆಯ ಪುಟದಲ್ಲಿ ಅದರ ಸುತ್ತ ಪೂರ್ತಿ ಕಪ್ಪು ತುಂಬಿದೆ.

ಬಿಸಿಲಲ್ಲಿ ಬಹಳ ಹೊತ್ತು ಕಾದು ಬಬಲೇಶ್ವರದ ಬಸ್ ಹಿಡಿದೆ. ಅಲ್ಲಿ ತಂಗಿ ಕವಿತಾಳ ಮನೆ. ಬಡಿಸಿದ ರೊಟ್ಟಿ, ಎಣ್ಣೆಗಾಯಿ ಅವಸರದಲ್ಲಿ ಉಂಡೆ. ಅವಳ ಐದು ವರ್ಷದ ಮಗಳು ಅಕ್ಷತಾಳ ಮುಂದೆ ಚಿತ್ರಗಳನ್ನಿಟ್ಟೆ. ಎರಡನ್ನು ನಗುತ್ತ ನೋಡಿದಳು. ಮೂರನೆಯದನ್ನು ಕಂಡವಳೇ ಬೋರಲು ಹಾಕಿ ಎದ್ದು ಹೋದಳು.

“ಅಂಜ್ಯಾಳ ನೋಡಕ್ಕಾ. ಸಣ್ಣವ್ರಿಗೆ ಇಷ್ಟು ಕಪ್ಪು ಯಾಕ ಬೇಕು?” ಎಂದಳು ಕವಿತಾ.

ಆ ಪುಟ ಹರಿದು ಹಾಕಲು ಕೈಗೆತ್ತಿಕೊಂಡೆ. ಬಾಗಿಲ ಮರೆಯಿಂದ ಅಕ್ಷತಾ ಕೇಳಿದಳು: “ದೊಡ್ಡವ್ವಾ, ಅದರ ಅವ್ವ ಸಿಕ್ಕಳೇನು?”

ಅವ್ವ ಸಿಗುವ ನಾಲ್ಕನೆಯ ಪುಟ ಇನ್ನೂ ಬರೆದೇ ಇರಲಿಲ್ಲ. ನೆಲದ ಮೇಲೆ ಕೂತು ಶುರುಮಾಡಿದೆ. ಅವಳು ಬಂದು ನನಗೆ ಒತ್ತಿಕೊಂಡು ಕೂತಳು. ತಾಯಿಯ ಮೂತಿ ಮರಿಯ ಕಿವಿಗೆ ತಾಗಿದಾಗ ಅವಳ ಬಿಗಿಹಿಡಿದ ಉಸಿರು ಸಡಿಲವಾಯಿತು. ಆಮೇಲೆ ತಾನೇ ಕಪ್ಪು ಪುಟ ತೆಗೆದು ಮರಿಗೆ ಹೇಳಿದಳು: “ಅಳಬ್ಯಾಡ, ನಿಮ್ಮವ್ವ ಬರಾಕತ್ತಾಳ.”

ನಾಲ್ಕೂ ಪುಟಗಳ ಫೋಟೊ ಕಳಿಸಿ ವಿಜಯಪುರದ ಬಸ್ ಹತ್ತಿದೆ. ದಾರಿಯಲ್ಲೇ ಸಂಪಾದಕಿಯ ಫೋನ್ ಬಂತು. “ಚೆನ್ನಾಗಿವೆ. ಆದ್ರೆ ಮೂರನೇದು ತುಂಬಾ ಕತ್ತಲೆ. ಸ್ವಲ್ಪ ತಿಳಿ ಮಾಡ್ತೀರಾ?”

ಹೂಂ ಅಂದರೆ ಪುಸ್ತಕ ನನ್ನದು. “ಬ್ಯಾಡ್ರಿ, ಅದು ಹಂಗೇ ಇರ್ಲಿ” ಎಂದು ಅಕ್ಷತಾಳ ಸಂಗತಿ ಹೇಳಿದೆ. ಆ ಕಪ್ಪು ಇದ್ದದ್ದಕ್ಕೇ ಅವಳು ಮರಿಯ ಅವ್ವನನ್ನು ಕೇಳಿದಳು ಎಂದೆ.

“ಸರಿ, ಇರಲಿ. ಉಳಿದ ಪುಟಗಳನ್ನೂ ಶುರು ಮಾಡಿ” ಎಂದರು.

ಖುಷಿಯಾಗಬೇಕಿತ್ತು. ವಿಜಯಪುರದಲ್ಲಿ ಇಳಿದಾಗ, ಉಳಿದವನ್ನೆಲ್ಲ ಹೇಗೆ ಬರೆಯಲಿ ಎಂಬ ಕಳವಳ ಮತ್ತೆ ಹತ್ತಿತ್ತು. ಬಣ್ಣದ ಅಂಗಡಿ ಮುಚ್ಚುವ ಮೊದಲೇ ತಲುಪಬೇಕೆಂದು ಬೇಗ ಬೇಗ ನಡೆದೆ.