ಅತ್ತೆಯ ತಲೆಯೊಳಗಿನ ನೀರು

ಮಾನ್ವಿಯ ನಮ್ಮ ಸೋದರತ್ತೆ ಸಂತೆಗೆ ಹೊರಟರೆ ಜೊತೆಗಿದ್ದವರು ಓಡಬೇಕಾಗುತ್ತಿತ್ತು. ಅಂಥವರು ಎಪ್ಪತ್ತು ದಾಟಿದ ಮೇಲೆ ಪಾದ ನೆಲಕ್ಕೆ ಅಂಟಿದವರಂತೆ ಎಳೆದೆಳೆದು ನಡೆಯತೊಡಗಿದರು. ಒಲೆ ಮೇಲೆ ಹಾಲಿಟ್ಟದ್ದು ಮರೆಯುತ್ತಿತ್ತು. ಬಚ್ಚಲು ಮುಟ್ಟುವಷ್ಟರಲ್ಲಿ ಸೀರೆ ಒದ್ದೆಯಾಗುತ್ತಿತ್ತು.

ನಮ್ಮ ಬಳಗದಲ್ಲಿ ವೈದ್ಯರಿಗೆ ಬರವಿಲ್ಲ. ವೈದ್ಯಕೀಯ ಓದಿದವರು ಒಬ್ಬರೂ ಇಲ್ಲ, ಅಷ್ಟೇ. ದೇವದುರ್ಗದಿಂದ ಬಂದ ಚಿಕ್ಕಪ್ಪ ಚಹಾ ಆರುವುದರೊಳಗೆ ರೋಗ ಪತ್ತೆಹಚ್ಚಿದರು. "ಅಕ್ಕಗ ವಯಸ್ಸಾತು. ಮ್ಯಾಲ ಸೊಸಿ ಕಡಿಂದ ಸೇವಾ ಮಾಡಿಸಿಕೊಳ್ಳೋ ಚಟ."

ಅತ್ತೆ ಗೋಡೆ ಹಿಡಿದುಕೊಂಡೇ ಹೇಳಿದರು: "ಲೇ, ಕಾಲು ನಂದು. ಏಳವಲ್ದು ಅಂತ ನನಗ ಗೊತ್ತದ."

ಯಾರೂ ಕಿವಿಗೊಡಲಿಲ್ಲ. ರೋಗಿಯನ್ನು ಕೇಳಿ ರೋಗ ತಿಳಿಯುವ ಕೆಟ್ಟ ಅಭ್ಯಾಸ ನಮ್ಮ ಮನೆತನಕ್ಕಿಲ್ಲ.

ಒಮ್ಮೆ ಅಂಗಳದಲ್ಲಿ ಬಿದ್ದು ಹಣೆ ಒಡೆದುಕೊಂಡಾಗ ನಾನು ಅವರನ್ನು ರಾಯಚೂರಿಗೆ ಕರೆದೊಯ್ದೆ. ಚಿಕ್ಕಪ್ಪನೂ ಬಂದರು, ಡಾಕ್ಟರಿಗೆ ನೆರವಾಗಲೆಂದು. ಡಾಕ್ಟರಮ್ಮ ತಲೆಯ ಸ್ಕ್ಯಾನ್ ಮಾಡಿಸಿ, ಚಿತ್ರದ ನಡುವಿನ ಎರಡು ಅಗಲವಾದ ಕಪ್ಪು ರೆಕ್ಕೆಗಳನ್ನು ತೋರಿಸಿದರು.

"ಮೆದುಳಿನೊಳಗ ನೀರು ತುಂಬಿದ ನಾಲ್ಕು ಕುಹರ, ಅಂದ್ರ ಪೊಳ್ಳು ಜಾಗ, ಇರ್ತಾವ್ರಿ. ಎಡಕ್ಕೊಂದು, ಬಲಕ್ಕೊಂದು ದೊಡ್ಡವು. ನಡುವ ಒಂದು, ಅದರ ಕೆಳಗ ಹಿಂದಕ್ಕ ಇನ್ನೊಂದು. ನೀರು ಅಲ್ಲೇ ಹುಟ್ಟಿ, ಹರಿದು ಹೊರಗ ಬಂದು ರಕ್ತಕ್ಕ ಸೇರಬೇಕು. ಇವರದು ಸರಿಯಾಗಿ ಸೇರವಲ್ದು. ಅದಕ್ಕ ಕುಹರ ಉಬ್ಬ್ಯಾವ. ನಡಿಗಿ, ನೆನಪು, ಮೂತ್ರದ ಹಿಡಿತ ತಪ್ಪಿದ್ದು ಅದರಿಂದನ."

"ಹಂಗಾರ ಕುಡಿಯೋ ನೀರು ಕಡಿಮಿ ಮಾಡಿಸಲೇನ್ರಿ?" ಎಂದರು ಚಿಕ್ಕಪ್ಪ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ರೀ. ನೀವು ಹೊರಗ ಕುಂದರ್ರಿ."

ಮರುದಿನ ಅತ್ತೆಯ ಸೊಂಟದ ಬಳಿ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತ ಇರುವ ಅದೇ ನೀರನ್ನು, ನಡಿಗೆ ಸುಧಾರಿಸುತ್ತದೆಯೇ ನೋಡಲು, ಸ್ವಲ್ಪ ತೆಗೆದರು. ಸಂಜೆ ಎಬ್ಬಿಸಿ ನಡೆಸಿದರು. ಅತ್ತೆ ಕಾಲೆತ್ತಿ ಹೆಜ್ಜೆ ಹಾಕುತ್ತ ವರಾಂಡದ ತುದಿ ಮುಟ್ಟಿ, ತಮ್ಮ ಪಾದ ನೋಡಿಕೊಂಡು ಅತ್ತುಬಿಟ್ಟರು. "ನಾ ಸುಳ್ಳು ಹೇಳಿರಲಿಲ್ಲಪಾ" ಎಂದರು ನನಗೆ.

ಮುಂದೆ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಕುಹರದಿಂದ ಚರ್ಮದಡಿಯೇ ಹೊಟ್ಟೆಯವರೆಗೆ ಸಣ್ಣ ಕೊಳವೆ ಇಟ್ಟು, ಹೆಚ್ಚಿನ ನೀರಿಗೆ ದಾರಿ ಮಾಡಿದರು. ನಡಿಗೆ ಬಹುಪಾಲು ಮರಳಿತು. ಬಚ್ಚಲಿನ ಅವಮಾನ ತಪ್ಪಿತು. ಮರೆವು ಮಾತ್ರ ಅಷ್ಟಿಷ್ಟು ಉಳಿದಿದೆ. ಚಿಕ್ಕಪ್ಪ ಈಗ ಕಂಡವರಿಗೆಲ್ಲ ನಾಲ್ಕು ಕುಹರಗಳ ಪಾಠ ಹೇಳುತ್ತಾರೆ, ಎಣಿಸುವಾಗ ಐದಾಗುತ್ತವೆ.

ಹೋದ ತಿಂಗಳು ಅತ್ತೆ ಒಬ್ಬರೇ ಬಸ್ಸು ಹತ್ತಿ ದೇವದುರ್ಗಕ್ಕೆ, ಚಿಕ್ಕಪ್ಪನ ಮನೆಗೆ ಹೋಗಿಬಂದರು. ಕನ್ನಡಕ ಅಲ್ಲೇ ಬಿಟ್ಟುಬಂದಿದ್ದರು. ಅದನ್ನು ತರಲು ನನ್ನನ್ನು ಕಳಿಸಿದರು.