ಎಲ್ಲಿ ಹಿಡಿಯಲಿ ಎಂದು ಕೇಳುತ್ತಿದ್ದವರು

ಗುಮ್ಮಘಟ್ಟದಲ್ಲಿ ಆಟೊ ಹತ್ತುವಾಗ ಜನ ನನ್ನನ್ನು ಮೂಟೆಯಂತೆ ಎತ್ತಿ ಕೂರಿಸುತ್ತಿದ್ದರು. ಕಾಲಿಗೆ ಬಲವಿಲ್ಲದಿದ್ದರೆ ಬಾಯಿಯೂ ಇಲ್ಲವೆಂದೇ ಅವರ ಲೆಕ್ಕ. ನಾನು ಹೋಗುತ್ತಿದ್ದ ರಾಯದುರ್ಗದ ಜಿಮ್ಮಿನ ಟ್ರೈನರ್ ಮಾತ್ರ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತು, “ಎಲ್ಲಿ ಹಿಡೀಲ್ರಿ? ನೀವ ಹೇಳ್ರಿ” ಎನ್ನುತ್ತಿದ್ದರು. ನಾನು ಹೇಳುವತನಕ ಮುಟ್ಟುತ್ತಿರಲಿಲ್ಲ. ಆಮೇಲೆ ಜೀನ್ಸ್ ಬಟ್ಟೆಯಲ್ಲಿ ಹೊಲಿಸಿದ ಪಟ್ಟಿಯಿಂದ ನನ್ನ ಸೊಂಟವನ್ನು ಗಾಲಿಕುರ್ಚಿಗೆ ಬಿಗಿದು, ತೋಳು ನಡುಗುವವರೆಗೂ ತೂಕ ಎತ್ತಿಸುತ್ತಿದ್ದರು.

ಒಂದು ಬೆಳಿಗ್ಗೆ ಒರೆಸಿದ ನೆಲದಲ್ಲಿ ಅವರೇ ಜಾರಿ ಬಿದ್ದರು. ಅಲ್ಲಿದ್ದವರೆಲ್ಲ ಎತ್ತಲು ನುಗ್ಗಿದರು. “ತಡೀರಿ!” ಎಂದು ಗದರಿದೆ. ಕುರ್ಚಿಯನ್ನು ಅವರ ಪಕ್ಕಕ್ಕೆ ತಂದು ಬ್ರೇಕ್ ಹಾಕಿದೆ.

“ಎಲ್ಲಿ ಹಿಡೀಲಿ ಸರ್? ನೀವ ಹೇಳ್ರಿ.”

ಅವರು ನೋವಿನಲ್ಲೂ ನಕ್ಕರು. “ಮೊಣಕೈ ಹಿಡೀರಿ. ಗಟ್ಟಿ ಎಳೀರಿ.”

ಎಳೆದೆ. ಎದ್ದು ನಿಂತರು.